ಕೂಸು ಅಂಗಾತ ಮಲಗಲಿ

ಲಕ್ಕಲಕಟ್ಟಿಯ ದೇವವ್ವನ ಮನೆಯಲ್ಲಿ ಒಂದು ತಿಂಗಳಿಂದ ಯಾರಿಗೂ ನೆಟ್ಟಗೆ ನಿದ್ದೆ ಇರಲಿಲ್ಲ. ಮಗಳು ರೂಪಾಳ ಕೂಸು ಹಾಲು ಕುಡಿದು ಕಣ್ಣು ಮುಚ್ಚಿತು ಅನ್ನುವಷ್ಟರಲ್ಲಿ ಎರಡೂ ಕೈ ಮೇಲೆತ್ತಿ ಬೆಚ್ಚಿಬೀಳುತ್ತಿತ್ತು. ಬೆಚ್ಚಿದ ಮೇಲೆ ಅಳು. ಆ ಅಳು ಓಣಿಯ ಆಚೆ ತುದಿಗೂ ಕೇಳುತ್ತಿತ್ತು. ದೇವವ್ವನ ಗಂಡ ಪರಶಪ್ಪ ಕೂಲಿಗೆ ಹೋದಲ್ಲಿ ಬುತ್ತಿ ಬಿಚ್ಚಿಟ್ಟುಕೊಂಡು ಕೂತಲ್ಲೇ ತೂಕಡಿಸುತ್ತಿದ್ದ. ರೂಪಾಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ರೂಪಾಳಿಗೆ ಇದು ಚೊಚ್ಚಲ. ಗಂಡ ದ್ಯಾಮೇಶ ಗೋವಾದಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿದ್ದ. ಬಸುರಿಗೆ ಆರು ತಿಂಗಳು ತುಂಬುವವರೆಗೆ ಇವಳೂ ಅಲ್ಲಿಯೇ ಅವನ ಜೊತೆ ಉಸುಕಿನ ಬುಟ್ಟಿ ಹೊತ್ತು, ಆಮೇಲೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ದಿನ ತುಂಬುವ ಮೂರು ವಾರ ಮೊದಲೇ ಹುಟ್ಟಿತು. ತೂಕ ಎರಡು ಕಿಲೋದ ಮೇಲೆ ನೂರು ಗ್ರಾಂ, ಅಷ್ಟೇ.

"ಇಂಥಾ ಸಣ್ಣ ಕೂಸನ್ನ ಬೆಚ್ಚಗ ಇಡಬೇಕವಾ," ಎಂದು ದೇವವ್ವ ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ ಬಡಿದಳು. ಪುಷ್ಯ ಮಾಸದ ಚಳಿ. ಗುಡ್ಡದ ಕಡೆಯಿಂದ ಬೀಸುವ ಗಾಳಿ ಬಾಗಿಲ ಸಂದಿಯಿಂದಲೂ ನುಗ್ಗುತ್ತಿತ್ತು. ಹೊರಸಿನ ಮೇಲೆ ಹತ್ತಿಯ ಮೆತ್ತನೆ ಗಾದಿ, ಕೂಸಿನ ತಲೆಯಡಿ ಸಾಸಿವೆ ತುಂಬಿದ ದಿಂಬು, ಮೇಲೆ ನಾಲ್ಕು ಪದರಿನ ಕೌದಿ. ಹೊರಸಿನ ಕೆಳಗೆ ತಗಡಿನ ಬುಟ್ಟಿಯಲ್ಲಿ ಕುಳ್ಳಿನ ಕೆಂಡ.

ಇಪ್ಪತ್ತೆಂಟನೇ ದಿನ ಆಶಾ ಕಾರ್ಯಕರ್ತೆ ಜಮಾಲಬಿ ಕೂಸನ್ನು ನೋಡಲು ಬಂದಳು. ಹದಿನಾಲ್ಕು ವರ್ಷದಿಂದ ಅದೇ ಊರಲ್ಲಿ ಮನೆಮನೆ ತಿರುಗಿದವಳು. ಒಳಗೆ ಕಾಲಿಡುತ್ತಿದ್ದಂತೆ ಹೊಗೆಗೆ ಕೆಮ್ಮಿದಳು. ಕೂಸಿನ ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡಿದಳು.

"ದೇವಕ್ಕ, ಕೂಸು ಬೆವತೈತಿ ನೋಡ್ರಿ."

"ಬೆವತರ ಚಲೋನ ಆತಲ್ಲ. ಥಂಡಿ ಹತ್ತಿಲ್ಲಂತ ತಿಳೀತು."

"ಹಂಗಲ್ರಿ. ಬೆವರು ಬಂತಂದ್ರ ಬಿಸಿ ಹೆಚ್ಚಾತು ಅಂತ ಅರ್ಥ. ಅದನ್ನ ಬಾಯಿಬಿಟ್ಟು ಹೇಳಾಕ ಕೂಸಿಗೆ ಬರೂದಿಲ್ಲ. ಮೊದಲ ಆ ಕೆಂಡ ಹೊರಗ ಇಡ್ರಿ. ಮುಚ್ಚಿದ ಕ್ವಾಣ್ಯಾಗ ಕೆಂಡ ಇಟ್ರ ಗಾಳಿ ಕೆಡತೈತಿ, ದೊಡ್ಡವರಿಗೂ ಉಸುರು ಕಟ್ಟತೈತಿ. ಸಣ್ಣ ಕೂಸು ಬೆಚ್ಚಗ ಇರಬೇಕು ಖರೇ. ಅದಕ್ಕ ರೂಪಾ ಎಚ್ಚರ ಇದ್ದಾಗ ಎದಿಗೆ ಅವಚಿಕೊಂಡು ಕುಂದರಲಿ. ಮಲಗಿಸುವಾಗ ಮೈಗೆ ಹತ್ತುವಂಥಾ ಎರಡು ಅಂಗಿ ಹಾಕ್ರಿ, ಸಾಕು. ಈ ಕೌದಿ ಮಾರಿ ಮ್ಯಾಲೆ ಬಂದ್ರ ಸರಿಸಿಕೊಳ್ಳಾಕ ಅದಕ್ಕ ಕೈ ಬರೂದಿಲ್ಲ."

ಜಮಾಲಬಿ ಸಾಸಿವೆ ದಿಂಬು ತೆಗೆದು ಬದಿಗಿಟ್ಟಳು. ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿದಳು. ಅಂಗೈ ಒಳಗೆ ಹೂತುಹೋಯಿತು.

"ಇದೂ ಬ್ಯಾಡ್ರಿ. ಬಿರುಸು ಹಾಸಿಗಿ ಬೇಕು, ಸಮಾ ಇರಬೇಕು. ಕೂಸನ್ನ ಯಾವಾಗ್ಲೂ ಅಂಗಾತ ಮಲಗಿಸ್ರಿ. ಹಗಲ ನಿದ್ದಿಗೂ ಅಷ್ಟ, ರಾತ್ರಿ ನಿದ್ದಿಗೂ ಅಷ್ಟ."

ದೇವವ್ವನಿಗೆ ರೇಗಿತು. "ಅಂಗಾತ ಹಾಕಿದ್ರ ಕಕ್ಕಿದ ಹಾಲು ಗಂಟಲಿಗೆ ಸಿಕ್ಕೊಳ್ಳೂದಿಲ್ಲೇನು? ಮ್ಯಾಲೆ ಬೆಚ್ಚಿ ಬೀಳತೈತಿ. ಹೊಟ್ಟಿ ಮ್ಯಾಲೆ ಡಬ್ಬ ಹಾಕಿದ್ರ ಸುಮ್ಮನ ಮಲಗತೈತಿ."

"ಡಬ್ಬ ಹಾಕಿದ್ರ ಹೆಚ್ಚು ಮಲಗತೈತಿ, ಹೌದು. ಭಯ ಇರೂದ ಅಲ್ಲಿ. ಮಾರಿ ಹಾಸಿಗ್ಯಾಗ ಸಿಕ್ಕಾಗ ಬಿಟ್ಟ ಉಸುರನ್ನ ಮತ್ತ ಒಳಗ ಎಳಕೊಂತಿರತೈತಿ. ಎಚ್ಚರ ಆಗಬೇಕಾದಾಗ ಎಚ್ಚರ ಆಗೂದಿಲ್ಲ. ಅಂಗಾತ ಇದ್ದ ಕೂಸು ಹಾಲು ಕಕ್ಕಿದ್ರ ತಾನ ನುಂಗತೈತಿ, ಇಲ್ಲಾ ಕೆಮ್ಮಿ ಹೊರಗ ಹಾಕತೈತಿ. ಕುಡಿಸಿದ ಮ್ಯಾಲೆ ಹೆಗಲಿಗೆ ಹಾಕ್ಕೊಂಡು ತೇಗು ಬರಿಸಿ ಮಲಗಿಸ್ರಿ. ಬೆಚ್ಚೂದು ರೋಗ ಅಲ್ಲ, ಮೂರ್ನಾಕು ತಿಂಗಳಿಗೆ ತಾನ ನಿಲ್ಲತೈತಿ."

"ನಾಕು ಹಡದಾಕಿ ನಾನು. ನನಗ ಕೂಸು ಮಲಗಿಸೂದು ಕಲಿಸಾಕ ಬಂದಾಳ!" ಜಮಾಲಬಿ ಹೋದ ಮೇಲೆ ದೇವವ್ವ ಗೊಣಗಿದಳು.

"ನಾಕಲ್ಲಬೇ, ಮೂರು. ನಾನು, ಇಬ್ಬರು ಅಣ್ಣಾರು," ರೂಪಾ ಆಯಾಸದಲ್ಲೂ ನಕ್ಕಳು.

ದೇವವ್ವ ತಟ್ಟನೆ ಮುಖ ತಿರುಗಿಸಿದಳು. ಕೆಂಡದ ಬುಟ್ಟಿ ಎತ್ತಿಕೊಂಡು ಹೊರಗೆ ನಡೆದಳು.

ಅಂದಿನಿಂದ ರೂಪಾ ಜಮಾಲಬಿ ಹೇಳಿದಂತೆಯೇ ನಡೆದುಕೊಂಡಳು. ರಾತ್ರಿ ಕೂಸನ್ನು ಚಾಪೆಯ ಮೇಲೆ ಎರಡು ಪದರು ಸೀರೆ ಹಾಸಿ ಅಂಗಾತ ಮಲಗಿಸಿದಳು. ಕೂಸು ಬೆಚ್ಚಿತು, ಎದ್ದಿತು, ಅತ್ತಿತು. ಅವಳೂ ಎದ್ದಳು. ಆದರೆ ಹಗಲು ಹೊತ್ತು ಅವಳ ಕೈಯಲ್ಲಿರಲಿಲ್ಲ. ಬೆಳಗ್ಗೆ ಸುಡುನೀರು ಎರೆದು, ತಲೆಗೆ ಬಟ್ಟೆ ಕಟ್ಟಿ ಮಲಗಿಸಿದರೆ ಬಾಣಂತಿಗೆ ಜೀವವೇ ಇಲ್ಲದಂಥ ನಿದ್ದೆ ಬರುತ್ತಿತ್ತು. ಅದೇ ಹೊತ್ತಿಗೆ ದೇವವ್ವ ಮಗಳ ಪಕ್ಕದಿಂದ ಮೆಲ್ಲಗೆ ಕೂಸನ್ನೆತ್ತಿ, ಆಚೆ ಹೊರಸಿನ ಗಾದಿಯ ಮೇಲೆ ಬೋರಲಾಗಿ ಹಾಕುತ್ತಿದ್ದಳು. ಮೇಲೆ ಕೌದಿ ಹೊದಿಸುತ್ತಿದ್ದಳು. ಕೂಸು ಮೂರು ತಾಸು ಮಿಸುಕಾಡುತ್ತಿರಲಿಲ್ಲ. ರೂಪಾ ಏಳುವ ಮೊದಲೇ ಮತ್ತೆ ಅವಳ ಪಕ್ಕದಲ್ಲಿ ಅಂಗಾತ ಇಟ್ಟುಬಿಡುತ್ತಿದ್ದಳು.

ಮಗಳಿಗೂ ನಿದ್ದೆ, ಮೊಮ್ಮಗಳಿಗೂ ನಿದ್ದೆ. ಇದರಲ್ಲಿ ತಪ್ಪೇನಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೂ ಆ ಮೂರು ತಾಸು ಅವಳು ಹೊರಗೆ ನೆಮ್ಮದಿಯಿಂದ ಕೂತದ್ದಿಲ್ಲ. ಎರಡು ರೊಟ್ಟಿ ಬಡಿದು ಒಮ್ಮೆ ಬಾಗಿಲಿಗೆ ಹೋಗಿ ಇಣುಕುವುದು, ಮತ್ತೆರಡು ಬಡಿದು ಮತ್ತೊಮ್ಮೆ. ಯಾಕೆಂದು ಯಾರೂ ಕೇಳಲಿಲ್ಲ.

ನಲವತ್ತೆರಡನೇ ದಿನ ಜಮಾಲಬಿ ಮತ್ತೆ ಬರುವುದಿತ್ತು. ಅವಳು ಬರುವುದು ಮಧ್ಯಾಹ್ನದ ಮೇಲೆ ಎಂದುಕೊಂಡು ದೇವವ್ವ ಅಂದೂ ಹತ್ತೂವರೆಗೆ ಕೂಸನ್ನು ಗಾದಿಯ ಮೇಲೆ ಬೋರಲು ಹಾಕಿದಳು. ಆ ದಿನ ಚಳಿ ಹೆಚ್ಚಿತ್ತು. ಕೌದಿಯನ್ನು ಕಿವಿಯವರೆಗೂ ಎಳೆದಳು. ಬಾಗಿಲು ಮುಂದಕ್ಕೆಳೆದು, ಅಂಗಳದಲ್ಲಿ ಮೊರ ಹಿಡಿದು ಕಡಲೆ ಹಸನು ಮಾಡುತ್ತ ಕೂತಳು. ಪರಶಪ್ಪ ಅಂದು ಕೂಲಿಗೆ ಹೋಗಿರಲಿಲ್ಲ, ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ.

ಹನ್ನೊಂದಾಗಿರಬೇಕು. ಪಕ್ಕದ ಹುಚ್ಚವ್ವನ ಅಂಗಳದಲ್ಲಿ ಜಮಾಲಬಿಯ ದನಿ ಕೇಳಿಸಿತು. "ಇಲ್ಲೇ ದೇವಕ್ಕನ ಮನಿಗೆ ಹೊಂಟೇನ್ರಿ," ಅನ್ನುತ್ತಿದ್ದಳು.

ದೇವವ್ವ ಮೊರ ಕೆಳಗಿಟ್ಟಳು. ಜಮಾಲಬಿ ಒಳಗೆ ಬರುವಷ್ಟರಲ್ಲಿ ಕೂಸನ್ನು ಹೊರಳಿಸಿ ಮಗಳ ಪಕ್ಕ ಇಟ್ಟು, ಕೌದಿ ಮಡಚಿಬಿಡಬೇಕು. ಒಳಗೆ ಓಡಿದಳು. ರೂಪಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದೇವವ್ವ ಹೊರಸಿನ ಕೌದಿ ಸರಿಸಿದಳು.

ಕೂಸಿನ ಮುಖ ಗಾದಿಯಲ್ಲಿ ನೇರವಾಗಿ ಹೂತಿತ್ತು.

ಎತ್ತಿದಳು. ಕತ್ತು ಹಿಂದಕ್ಕೆ ಜೋತುಬಿತ್ತು. ಕೈಕಾಲು ಒದ್ದೆ ಬಟ್ಟೆಯ ಹಾಗೆ ಇಳಿಬಿದ್ದವು. ತುಟಿ ನೇರಳೆಹಣ್ಣು ತಿಂದಂತೆ ನೀಲಿಗಟ್ಟಿತ್ತು. ಎದೆ ಆಡುತ್ತಿರಲಿಲ್ಲ.

ದೇವವ್ವನ ಬಾಯಿಂದ ಹೊರಟದ್ದು ಮಾತಲ್ಲ, ಬರೀ ಕೂಗು. ಆ ಕೂಗಿಗೆ ರೂಪಾ ಎದ್ದು ಕೂತಳು. ಪರಶಪ್ಪ ಹಗ್ಗ ಬಿಸಾಡಿ ಓಡಿ ಬಂದ. ಅವನನ್ನು ತಳ್ಳಿಕೊಂಡೇ ಜಮಾಲಬಿ ಒಳಗೆ ಬಂದಳು.

"ಕೊಡ್ರಿಲ್ಲೆ! ಅಲುಗಾಡಿಸಬ್ಯಾಡ್ರಿ, ಕೊಡ್ರಿ! ಪರಶಪ್ಪಣ್ಣ, ಒಂದು ನೂರಾ ಎಂಟಕ್ಕ ಫೋನ್ ಹಚ್ಚು. ಕೂಸಿಗೆ ಉಸುರಿಲ್ಲ ಅಂತ ಹೇಳು. ಬಾಗಲಾ ತಗೀರಿ, ಬೆಳಕ ಬರಲಿ!"

ಕೂಸನ್ನು ನೆಲದ ಚಾಪೆಯ ಮೇಲೆ ಅಂಗಾತ ಇಟ್ಟಳು. ಬಾಯಲ್ಲಿ ಏನೂ ಸಿಕ್ಕಿಲ್ಲವೆಂದು ನೋಡಿದಳು. ಅಂಗಾಲನ್ನು ಉಜ್ಜಿದಳು, ಬೆನ್ನನ್ನು ಉಜ್ಜಿದಳು. ಏನೂ ಇಲ್ಲ. ಕೂಸಿನ ತಲೆ ನೆಟ್ಟಗೆ ಮಾಡಿ, ಗದ್ದವನ್ನು ಒಂದು ಬೆರಳಿನಿಂದ ಎತ್ತಿ ಹಿಡಿದು, ತನ್ನ ಬಾಯಿಂದ ಅದರ ಮೂಗು ಬಾಯಿ ಎರಡನ್ನೂ ಮುಚ್ಚಿ, ಕೆನ್ನೆಯಲ್ಲಿದ್ದ ಗಾಳಿಯಷ್ಟನ್ನೇ ಮೆಲ್ಲಗೆ ಊದಿದಳು. ಪುಟ್ಟ ಎದೆ ಏರಿತು, ಇಳಿಯಿತು. ಮತ್ತೊಮ್ಮೆ. ಏರಿತು, ಇಳಿಯಿತು. ಮತ್ತೊಮ್ಮೆ.

ರೂಪಾ ಗೋಡೆಗೆ ಆತು ನಿಂತಿದ್ದಳು. ಅಳುವುದನ್ನೂ ಮರೆತಿದ್ದಳು. ದೇವವ್ವ ಎರಡೂ ಕೈಯಲ್ಲಿ ಕೌದಿಯನ್ನು ಅವಚಿ ಹಿಡಿದು ನಿಂತಿದ್ದಳು. ಕಣ್ಣ ಮುಂದೆ ಇದೊಂದೇ ಕೂಸು ಇರಲಿಲ್ಲ ಅವಳಿಗೆ.

ನಾಲ್ಕನೇ ಸಲ ಊದಿದಾಗ ಕೂಸು ಬಿಕ್ಕಿದಂತಾಯಿತು. ಕಾಲೊಂದು ಸೆಟೆಯಿತು. ಐದನೆಯದಕ್ಕೆ ಗಂಟಲಲ್ಲಿ ಕರ್ ಎಂದು ಸದ್ದಾಗಿ, ಬೆಕ್ಕಿನ ಮರಿಯಂಥ ಸಣ್ಣ ಅಳು ಹೊರಬಂತು. ನಿಂತಿತು. ಮತ್ತೆ ಬಂತು.

"ಅಳು, ನನ್ನವ್ವ, ಅಳು," ಎಂದಳು ಜಮಾಲಬಿ. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ರೂಪಾ ಕೂಸನ್ನು ಬರೀ ಎದೆಗೆ ಹಚ್ಚಿಕೊಂಡು ಕೂತಳು. ಜಮಾಲಬಿ ಅದರ ಮೂಗಿನಿಂದ ಕಣ್ಣು ತೆಗೆಯದೆ, ಗಡಿಯಾರ ನೋಡಿ ಉಸಿರು ಎಣಿಸುತ್ತ ಕೂತಳು. ನಡುವೆ ಒಂದು ಸಲ ಎಣಿಕೆ ತಡವರಿಸಿತು. ಅಂಗಾಲಿಗೆ ಬೆರಳು ಬಡಿದಾಗ ಕೂಸು ಮುಖ ಕಿವುಚಿ ಅತ್ತಿತು. ದೇವವ್ವನಿಗೆ ಆ ಇಪ್ಪತ್ತು ನಿಮಿಷ ಇಡೀ ವರ್ಷದಷ್ಟಾಯಿತು.

ಗಜೇಂದ್ರಗಡದ ದವಾಖಾನೆಯಲ್ಲಿ ಕೂಸಿನ ಮೂಗಿಗೆ ಆಮ್ಲಜನಕದ ಸಣ್ಣ ನಳಿಕೆ ಇಟ್ಟರು. ಕಾಲ್ಬೆರಳಿಗೆ ಕೆಂಪು ದೀಪದ ಕ್ಲಿಪ್ಪು ಹಾಕಿದರು. ಜಮಾಲಬಿ ಚೀಟಿ ಮಾಡಿಸಲು ಹೊರಗೆ ಹೋಗಿದ್ದಳು. ಡಾಕ್ಟರಮ್ಮ ರೂಪಾಳನ್ನು ಕೇಳಿದರು:

"ಕೂಸು ಹ್ಯಾಂಗ ಮಲಗಿತ್ತು?"

"ನನ್ನ ಮಗ್ಗಲದಾಗ, ಅಂಗಾತರಿ. ಹಾಲು ಕುಡಿಸಿ ತೇಗು ಬರಿಸಿ ಮಲಗಿಸಿದ್ನಿರಿ."

"ಮೇಲೆ ಏನರ ಹೊದಿಸಿದ್ರೇನು?"

"ಇಲ್ರಿ."

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಅಂಗಾತ ಇದ್ದ ಕೂಸು ಹಿಂಗಾತಂದ್ರ ಫಿಟ್ಸ್ ಇರಬಹುದು, ಹೃದಯದ ತೊಂದರಿ ಇರಬಹುದು. ರಕ್ತ ತಗೀಬೇಕು, ಬೆನ್ನಿನ ನೀರು ತಗೀಬೇಕಾದೀತು. ಅದು ಇಲ್ಲಿ ಆಗೂದಿಲ್ಲ, ದೊಡ್ಡ ದವಾಖಾನಿಗೆ ಕಳಸತೀನಿ."

ನರ್ಸ್ ಸೂಜಿಯ ತಟ್ಟೆ ತಂದಳು. ಕೂಸಿನ ಮಣಿಕಟ್ಟು ಹಿಡಿದು ನರ ಹುಡುಕತೊಡಗಿದಳು. ಆ ಮಣಿಕಟ್ಟು ದೇವವ್ವನ ಹೆಬ್ಬೆರಳಿಗಿಂತ ಸಣ್ಣದು. ದೇವವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೇಳಿದರೆ ಮಗಳು ಈ ಜನ್ಮದಲ್ಲಿ ತನ್ನ ಮುಖ ನೋಡಲಿಕ್ಕಿಲ್ಲ. ಹೇಳದಿದ್ದರೆ, ಇಲ್ಲದ ರೋಗ ಹುಡುಕುತ್ತ ಆ ಬೆನ್ನಿಗೂ ಸೂಜಿ ಚುಚ್ಚುತ್ತಾರೆ.

"ಡಾಕ್ಟರ್ ಬಾಯಾರ," ಅಂದಳು. ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು. ಮತ್ತೆ ಅಂದಳು, "ಬಾಯಾರ, ಅಕಿಗೆ ಗೊತ್ತಿಲ್ರಿ. ಅಕಿ ಮಲಗಿದ ಮ್ಯಾಲೆ ಕೂಸನ್ನ ನಾನ ತಗೊಂಡು ಗಾದಿ ಮ್ಯಾಲೆ ಡಬ್ಬ ಹಾಕಿದ್ನಿರಿ. ಕೌದಿ ಹೊಚ್ಚಿದ್ನಿರಿ. ಇವತ್ತೊಂದಿನ ಅಲ್ಲ, ಎರಡು ವಾರದಿಂದ."

ರೂಪಾ ತಾಯಿಯ ಕಡೆ ತಿರುಗಿದಳು. ಆ ನೋಟವನ್ನು ದೇವವ್ವ ತಡೆದುಕೊಂಡಳು.

"ಮಾರಿ ಯಾವ ಕಡೆ ಇತ್ತು?" ಡಾಕ್ಟರಮ್ಮ ಕೇಳಿದರು.

"ಗಾದ್ಯಾಗ ಹುಗದಿತ್ರಿ."

ಡಾಕ್ಟರಮ್ಮ ದೇವವ್ವನ ಕಡೆ ತಿರುಗಿದರು. "ನೀವು ಹೇಳಿದ್ದು ಭಾಳ ಉಪಕಾರ ಆತವ್ವ. ಮೊದಲ ಏನು ನೋಡಬೇಕು ಅಂತ ತಿಳೀತು. ರಕ್ತ ಅಂತೂ ತಗೀತೀವಿ, ಎರಡು ದಿನ ಇಲ್ಲೇ ಇಟ್ಟು ನೋಡತೀವಿ. ಬೆನ್ನಿನ ನೀರಿನ ವಿಚಾರ ಈಗ ಬ್ಯಾಡ."

ಹೊರಗಿನ ಬೆಂಚಿನ ಮೇಲೆ ತಾಯಿ ಮಗಳು ಕೂತರು. ಚೀಟಿ ಹಿಡಿದು ಬಂದ ಜಮಾಲಬಿ ಇಬ್ಬರ ಮುಖ ನೋಡಿ, ಪಕ್ಕದಲ್ಲಿ ಕೂತಳು.

"ಯಾಕಬೇ?" ಎಂದಳು ರೂಪಾ ಕೊನೆಗೆ. "ಬ್ಯಾಡ ಅಂತ ಹೇಳಿದ್ರಲ್ಲ. ನನಗ ಒಂದು ಮಾತು ಹೇಳಬಾರದಿತ್ತಾ?"

ದೇವವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಮಾತಾಡಿದಳು. "ನಿನಗಿಂತ ಮೊದಲ ಒಂದಿತ್ತವಾ, ಹೆಣ್ಣು. ಗಿರಿಜಾ ಅಂತ ಹೆಸರಿಟ್ಟಿದ್ವಿ. ಎರಡೂವರಿ ತಿಂಗಳದ್ದು. ಸುಗ್ಗಿ ಕೆಲಸ ಮಾಡಿ ಬಂದು ನಾನೂ ನಿಮ್ಮಪ್ಪನೂ ಅದನ್ನ ನಡುವ ಹಾಕ್ಕೊಂಡು ಒಂದ ಕೌದ್ಯಾಗ ಮಲಗಿದ್ವಿ. ಮುಂಜಾನೆ ಮುಟ್ಟಿದ್ರ ತಣ್ಣಗಿತ್ತು. ಬಾಲಗ್ರಹ ಅಂದ್ರು, ದೃಷ್ಟಿ ಅಂದ್ರು. ಅದರ ಹೆಸರು ಇನ್ನ ಮ್ಯಾಲೆ ಈ ಮನ್ಯಾಗ ಎತ್ತಬ್ಯಾಡ ಅಂದ್ಲು ನಮ್ಮತ್ತಿ. ಎತ್ತಲಿಲ್ಲ. ನಿನ್ನ ಕೂಸು ಬೆಚ್ಚಿದಾಗೆಲ್ಲ ನನ್ನ ಜೀವಾ ಹೋಗತಿತ್ತು. ಡಬ್ಬ ಹಾಕಿದ್ರ ಬೆಚ್ಚತಿದ್ದಿಲ್ಲ. ಸುಮ್ಮನ ಇತ್ತಂದ್ರ ಚಲೋ ಐತಿ ಅಂತ ತಿಳಕೊಂಡ್ನಿ."

ಹಗ್ಗ ಹೊಸೆದು ಒರಟಾದ ಕೈಯಲ್ಲಿ ಮುಖ ಮುಚ್ಚಿಕೊಂಡು ಪರಶಪ್ಪ ಕಂಬದ ಹಿಂದೆ ನಿಂತಿದ್ದ.

"ಜಮಾಲಬಿ," ದೇವವ್ವ ಕೇಳಿದಳು, "ಅದನ್ನೂ ನಾನ ಕೊಂದ್ನೇನು?"

ಜಮಾಲಬಿ ಅವಳ ಕೈ ಹಿಡಿದಳು. "ದೇವಕ್ಕ, ಅದು ಯಾಕ ಹೋತು ಅಂತ ಇವತ್ತ ಯಾರೂ ಹೇಳಾಕ ಆಗೂದಿಲ್ರಿ. ನಾನೂ ಸುಳ್ಳು ಹೇಳೂದಿಲ್ಲ. ಆದ್ರ ಒಂದು ಮಾತು. ಆವಾಗ ನಿಮಗ ಹೇಳೋರು ಯಾರೂ ಇದ್ದಿಲ್ಲ. ನಿಮ್ಮತ್ತಿಗೂ ಯಾರೂ ಹೇಳಿದ್ದಿಲ್ಲ. ಇವತ್ತ ಹೇಳೋರು ಅದಾರ."

ರೂಪಾ ತಾಯಿಯ ಹತ್ತಿರ ಸರಿಯಲಿಲ್ಲ. ಸಿಟ್ಟು ಅಷ್ಟು ಬೇಗ ಇಳಿಯುವಂಥದ್ದಾಗಿರಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ, "ಗಿರಿಜಾ ಯಾರ ಹಂಗ ಇತ್ತಬೇ?" ಎಂದು ಕೇಳಿದಳು. ಇಪ್ಪತ್ತೇಳು ವರ್ಷದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ದೇವವ್ವ ಆಗ ಅತ್ತಳು.

ಮೂರನೇ ದಿನ ಕೂಸನ್ನು ಮನೆಗೆ ಕಳಿಸಿದರು. ಹಾಲು ಎಳೆದು ಕುಡಿಯುತ್ತಿತ್ತು, ಕೈಕಾಲು ಆಡಿಸುತ್ತಿತ್ತು. ತಪಾಸಣೆಗೆ ತಿಂಗಳಿಗೊಮ್ಮೆ ತರಬೇಕೆಂದರು.

ಮನೆಗೆ ಬಂದ ದಿನ ದೇವವ್ವನೇ ಕಿಟಕಿಯ ಗೋಣಿಚೀಲ ಕಿತ್ತಳು. ಪರಶಪ್ಪ ಗೋವಾದ ಅಳಿಯನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ಆಮೇಲೆ ತನ್ನ ಬೀಡಿ ಕಟ್ಟನ್ನು ತೆಗೆದುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿಟ್ಟ. ಕೂಸಿರುವ ಮನೆಯೊಳಗೆ ಇನ್ನು ಸೇದುವುದಿಲ್ಲ ಎಂದ. ರೂಪಾಳ ಹಾಸಿಗೆಯ ಪಕ್ಕ, ಕೈಗೆ ಸಿಗುವಷ್ಟು ಹತ್ತಿರ, ಕೂಸಿಗೆ ಬೇರೆ ಚಾಪೆ ಬಿತ್ತು.

ಒಂದು ವಾರ ಬಿಟ್ಟು ಜಮಾಲಬಿ ಬಂದಾಗ ದೇವವ್ವ ಮೊದಲಿನಂತೆ ಮುಖ ಗಂಟು ಹಾಕಿಕೊಳ್ಳಲಿಲ್ಲ. ಆದರೆ ಪ್ರಶ್ನೆ ಕೇಳುವುದನ್ನೂ ಬಿಡಲಿಲ್ಲ.

"ಅಂಗಾತ ಇದ್ದು ಇದ್ದು ತಲಿ ಚಪ್ಪಟಿ ಆಗೂದಿಲ್ಲೇನು?"

"ಎಚ್ಚರ ಇದ್ದಾಗ ದಿನಾ ಒಂದೀಟು ಹೊತ್ತು ನಿಮ್ಮ ಎದುರಿಗೆ ಡಬ್ಬ ಹಾಕಿ ಆಡಸ್ರಿ, ಕತ್ತು ಗಟ್ಟಿ ಆಗತೈತಿ. ಕಣ್ಣು ಎಳೀತಂದ್ರ ಅಂಗಾತ."

"ಸೀರಿ ಜೋಳಿಗಿ ಕಟ್ಟಬಹುದಾ? ರೂಪಾ ಮುಂದ ಹೊಲಕ್ಕ ಹೋಗೂದಾದ್ರ?"

"ಜೋಳಿಗ್ಯಾಗ ಕೂಸು ಮುದುಡತೈತ್ರಿ. ಗದ್ದ ಎದಿಗೆ ಹತ್ತಿ ಉಸುರಿನ ದಾರಿ ಮುಚ್ಚತೈತಿ. ತೂಗಿ ಸಮಾಧಾನ ಮಾಡ್ರಿ, ನಿದ್ದಿ ಹತ್ತಿದ ಮ್ಯಾಲೆ ತಗದು ಚಾಪಿ ಮ್ಯಾಲೆ ಹಾಕ್ರಿ. ಕೊರಳಾಗಿನ ಆ ಕರಿದಾರ ನೋಡ್ರಿ, ಅದನ್ನ ಬಿಚ್ಚಿಬಿಡ್ರಿ. ಎಳದು ಕುತ್ತಿಗಿಗೆ ಬಿಗಿದೀತು."

"ಈಗೂ ರಾತ್ರಿ ಮೂರು ಸಲ ಏಳತೈತ್ರಿ," ಎಂದಳು ರೂಪಾ.

"ಏಳಲಿ ತಂಗಿ. ಈ ವಯಸ್ಸಿನ ಕೂಸು ಎದ್ದು ಹಾಲು ಕೇಳೂದ ಅದರ ಕಾಯಕ. ಹಗಲು ಬೆಳಕಿನ್ಯಾಗ ಮಾತಾಡಿಸು, ಆಡಿಸು. ಸಂಜಿ ಆದ ಮ್ಯಾಲೆ ದೀಪ ಸಣ್ಣ ಮಾಡಿ ಸುಮ್ಮನ ಹಾಲು ಕುಡಿಸಿ ಮಲಗಿಸು. ಬರಬರತಾ ಅದಕ್ಕ ಹಗಲು ರಾತ್ರಿ ತಿಳೀತೈತಿ. ನಿದ್ದಿ ಬರಸಾಕ ಯಾವ ಔಷಧಾನೂ ಬ್ಯಾಡ, ಯಾರು ಕೊಟ್ರೂ ಬ್ಯಾಡ. ನಿನಗ ಭಾಳ ದಣಿವಾತಂದ್ರ ನಿಮ್ಮವ್ವನ ಎಬ್ಬಿಸು."

ರೂಪಾ ತಾಯಿಯ ಕಡೆ ನೋಡಿದಳು. ದವಾಖಾನೆಯಿಂದ ಬಂದ ಮೇಲೆ ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ಎಬ್ಬಿಸಲೇನಬೇ?"

"ಎಬ್ಬಿಸು," ಎಂದಳು ದೇವವ್ವ. "ನಾ ಎದ್ದು ತೇಗು ಬರಿಸಿ, ನಿನಗ ತೋರಿಸಿ, ಅಂಗಾತ ಹಾಕ್ತೇನಿ."

ಅಕ್ಕಂದಿರೇ, ಅವ್ವಂದಿರೇ, ಹಿರಿಯರೇ, ನಿಮ್ಮ ಮನೆಯಲ್ಲೂ ಒಂದು ವರ್ಷದೊಳಗಿನ ಕೂಸು ಇದ್ದೀತು. ಅದನ್ನು ಪ್ರತಿ ಸಲ ಅಂಗಾತ ಮಲಗಿಸಿ. ಬಿರುಸಾದ ಸಮತಟ್ಟು ಹಾಸಿಗೆ ಇರಲಿ. ದಿಂಬು, ಕೌದಿ, ಹೊಗೆ, ಕೆಂಡ ಹತ್ತಿರ ಬೇಡ. ನಿಮ್ಮ ಪಕ್ಕದಲ್ಲೇ ಇರಲಿ, ಆದರೆ ಬೇರೆ ಹಾಸಿಗೆಯಲ್ಲಿರಲಿ. ಕುಡಿದವರ, ಬೀಡಿ ಸೇದುವವರ, ದಣಿದು ಮೈಮರೆತು ಮಲಗುವವರ ಮಗ್ಗುಲಲ್ಲಿ ಕೂಸು ಬೇಡವೇ ಬೇಡ. ಕೂಸಿನ ಉಸಿರಿನಲ್ಲಿ ಏನಾದರೂ ಬದಲಾವಣೆ ಕಂಡರೆ ತಡಮಾಡದೆ ೧೦೮ಕ್ಕೆ ಫೋನು ಮಾಡಿ. ಗೊತ್ತಾಗದ್ದನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ತಪ್ಪಾಗಿದ್ದರೆ ಮುಚ್ಚಿಡಬೇಡಿ, ಹೇಳಿ.

ಈಗ ಕೂಸು ಮಲಗಿದೆಯೇ? ಹಾಗಾದರೆ ಈ ಹಾಳೆಯನ್ನು ಕೆಳಗಿಟ್ಟು, ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ.